ಟ್ರೈಪಾಡ್‌ಗೆ ನಾಯಿ ಕಟ್ಟಿದ್ದು ಭಾವ, ಲೆನ್ಸ್ ದುಡ್ಡು ನಾನ್ಯಾಕೆ ಕೊಡ್ಲಿ?

ಗುಬ್ಬಿಗೂಡು
ಎಲ್ರಿಗೂ ನಮಸ್ಕಾರ. ಮನೇಲಿ ದೊಡ್ಡ ಪಂಚಾಯ್ತಿ ಆಗಿದೆ, ನೀವೇ ನ್ಯಾಯ ಹೇಳಿ.

ಹೋದ ಭಾನುವಾರ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆ ಕೃಷ್ಣಮೃಗದ ಫೋಟೊ ತೆಗೆಯೋಕೆ ಹೊರಟ್ವಿ. ನಾನು, ನಮ್ಮ ಭಾವ (ಅಕ್ಕನ ಯಜಮಾನ್ರು), ಅವರ ಆಫೀಸಿನ ಇಬ್ರು. ಬೆಳಗಿನ ಜಾವ ನೋಡಿದ್ರೆ ಭಾವ ಹೇಳದೆ ಕೇಳದೆ ಎರಡು ನಾಯೀನೂ ಕಾರಿಗೆ ಹತ್ತಿಸ್ಕೊಂಡು ಬಂದಿದಾರೆ. ಒಂದು ಮುಧೋಳ ಬೇಟೆನಾಯಿ, ಹೆಸರು ವೀರ. ಇನ್ನೊಂದು ಲ್ಯಾಬ್ರಡಾರ್, ಜಿಲೇಬಿ. ಇವ್ಯಾಕೆ ಭಾವ ಅಂದ್ರೆ 'ವಾರ ಪೂರ್ತಿ ಅಪಾರ್ಟ್‌ಮೆಂಟಲ್ಲೇ ಬಿದ್ದಿರ್ತಾವೆ, ಒಂದಿನ ಬಯಲು ನೋಡ್ಲಿ ಬಿಡೋ' ಅಂದ್ರು.

ಅಲ್ಲಿ ಹೋದ್ಮೇಲೆ ಸಂರಕ್ಷಿತ ಜಾಗದೊಳಗೆ ನಾಯಿ ಬಿಡಲ್ಲ ಅಂದ್ರು. ಸರಿ, ವಾಪಸ್ ಹೋಗೋಣ ಅಂತ ನಾನು. ಭಾವ ಕೇಳಲಿಲ್ಲ. ಪಕ್ಕದ ಗೋಮಾಳದಲ್ಲಿ ಕಾರು ನಿಲ್ಲಿಸಿದ್ರು. ನಾನು ಬದು ಮೇಲೆ ಟ್ರೈಪಾಡ್ ಇಟ್ಟು, ಬಾಡಿಗೆಗೆ ತಂದ 150-600 ಎಂಎಂ ಜೂಮ್ ಲೆನ್ಸ್ ಹಾಕಿ, ಮೂತ್ರಕ್ಕೆ ಅಂತ ಆ ಕಡೆ ಹೋದೆ. ಭಾವ ಫ್ಲಾಸ್ಕಿಂದ ಟೀ ಬಗ್ಗಿಸ್ಕೊಳ್ಳೋಕೆ ಕೈ ಖಾಲಿ ಬೇಕು ಅಂತ ವೀರನ ಹಗ್ಗವನ್ನ ಟ್ರೈಪಾಡ್ ಕಾಲಿಗೆ ಕಟ್ಟಿದಾರೆ!! ಅದೇ ಹೊತ್ತಿಗೆ ಕಡಲೆಕಾಯಿ ಕಿತ್ತ ಹೊಲದಿಂದ ಒಂದು ಕಪ್ಪು ಗಂಡು, ಹಿಂದೆ ನಾಲ್ಕೈದು ಹೆಣ್ಣು ಹೊರಗೆ ಬಂದ್ವು.

ಮುಂದಿನದ್ದು ಹೇಳೋದೇ ಬೇಡ. ನಾಯಿ, ಟ್ರೈಪಾಡ್, ಕ್ಯಾಮೆರಾ ಮೂರೂ ಒಟ್ಟಿಗೆ ಹೊರಟ್ವು. ಬಂಡೆಗೆ ಬಡಿದು ಲೆನ್ಸಿನ ಮೌಂಟ್ (ಕ್ಯಾಮೆರಾಗೆ ಕೂರೋ ಭಾಗ) ಮುರೀತು, ಕೊರಳಪಟ್ಟಿ ಕಳಚ್ತು, ವೀರ ಮಾಯ. ಮಧ್ಯಾಹ್ನದ ಹೊತ್ತಿಗೆ ಕುಂಟ್ಕೊಂಡು ಬಂತು, ಕತ್ತಿನ ಹತ್ರ ಬೇರೆ ನಾಯಿಗಳು ಕಚ್ಚಿದ ಗಾಯ. ಕುರಿಮಂದೆ ಹತ್ರ ಹೋಗಿತ್ತಂತೆ.

ಈಗ ಭಾವ ಅನ್ನೋದು: ಲೆನ್ಸ್ ನಿನ್ನ ಹೆಸರಲ್ಲಿ ತಂದಿದ್ದು, ರಿಪೇರಿ ನೀನೇ ಕೊಡು. ಸಾಲದ್ದಕ್ಕೆ ಪ್ಲಾನ್ ನಿಂದು, ನಾಯಿ ಆಸ್ಪತ್ರೆ ಬಿಲ್ಲಲ್ಲೂ ಅರ್ಧ ಹಾಕು! ಅಕ್ಕ ಸುಮ್ನಿದಾಳೆ. ಯಾರು ಕೊಡಬೇಕು ಹೇಳಿ.

ತಟ್ಟೆಇಡ್ಲಿ
ಟ್ರೈಪಾಡ್‌ಗೆ? ಮುಧೋಳ ನಾಯೀನಾ? ಗುರುವೇ, ಆಫೀಸಲ್ಲಿ ಕೂತು ಓದ್ತಿದೀನಿ, ನಗು ತಡೆಯೋಕಾಗ್ತಿಲ್ಲ.

ಎಫ್_ಎಂಟು
ನಗೋ ವಿಷ್ಯ ಅಲ್ಲ ಸ್ವಾಮಿ. ಲೆನ್ಸ್ ಹೋದ್ರೆ ಇನ್ನೊಂದು ಬರುತ್ತೆ. ಕೃಷ್ಣಮೃಗದ ಹಿಂಡಿನ ಹತ್ರ ಮುಧೋಳ ಕರ್ಕೊಂಡು ಹೋಗಿದ್ದೇ ಮೊದಲನೇ ತಪ್ಪು, ಕಟ್ಟಿದ್ದು ಎರಡನೇದು. ಇಬ್ರೂ ಅರ್ಧರ್ಧ ಹಾಕಿ ಮುಗಿಸಿ.

ಗುಬ್ಬಿಗೂಡು
@ಎಫ್_ಎಂಟು ನಾನು ವಾಪಸ್ ಹೋಗೋಣ ಅಂತ ಹೇಳಿದೀನಲ್ಲ ಸಾರ್. ಅರ್ಧ ಯಾಕೆ?

ಎಫ್_ಎಂಟು
ಹೇಳಿದ್ರಿ, ಆಮೇಲೆ ಅಲ್ಲೇ ಟ್ರೈಪಾಡ್ ಬಿಚ್ಚಿ ನಿಲ್ಲಿಸಿದ್ರಿ.

ಘಟಪ್ರಭಾ_ದಂಡಿ
ನಮಸ್ಕಾರ್ರಿ. ನಾವು ಮುಧೋಳದಾವ್ರು, ನಮ್ಮ ಅಜ್ಜನ ಕಾಲದಿಂದ ಮನ್ಯಾಗ ಈ ನಾಯಿ ಅದಾವ. ಒಂದ್ ಮಾತ್ ಹೇಳ್ತೀನಿ ತಪ್ಪ ತಿಳೀಬ್ಯಾಡ್ರಿ. ಇದು ಮೂಸಿ ಹುಡುಕೋ ನಾಯಿ ಅಲ್ಲ, ಕಣ್ಣಿಲೆ ಬೇಟಿ ಆಡೋ ನಾಯಿ. ದೂರದಾಗ ಏನರ ಓಡಿದ್ದು ಕಣ್ಣಿಗೆ ಬಿತ್ತಂದ್ರ ಮುಗೀತು, ಆಮ್ಯಾಲ ನೀವ್ ಹೆಸರ್ ಹಿಡದ್ ಕರದ್ರೂ ಅದರ ಕಿವಿಗೆ ಹೋಗಂಗಿಲ್ಲ. ಅದರ ತಪ್ಪಲ್ಲರಿ, ಓಡಾಕಂತನ ಬೆಳೆಸಿದ ತಳಿ. ಮುಧೋಳದ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಜೋಡಿ ಮರಿ ಕೊಟ್ಟಿದ್ರು. 2005ರಾಗ ಅಂಚೆ ಇಲಾಖಿ 5 ರೂಪಾಯಿ ಸ್ಟ್ಯಾಂಪ್ ತಗದೈತಿ. ಮಿಲಿಟರ್ಯಾಗೂ ತಗೊಂಡಾರ. ಅಂಥಾ ನಾಯಿನ್ನ ಬೆಂಗಳೂರಿನ ಫ್ಲ್ಯಾಟ್‌ನ್ಯಾಗ ಇಟ್ಟು, ವಾರಕ್ಕೊಮ್ಮಿ ಜಿಂಕಿ ಮುಂದ ನಿಲ್ಲಿಸಿದ್ರ ಅದೇನ್ ಭಜನಿ ಮಾಡತೈತೇನ್ರಿ?

ಸುಮ್ನೆ_ಬಂದೆ
ಭಜನೆ 😂

ಗುಬ್ಬಿಗೂಡು
ಇದನ್ನ ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸ್ತಿದೀನಿ.

ಡಾ_ಮಲೆನಾಡು
ಪಶುವೈದ್ಯೆ ನಾನು. ದುಡ್ಡಿನ ಜಗಳ ಆಮೇಲೆ ಆಡಿ, ಮೊದಲು ಗಾಯದ ವಿಷಯ ಕೇಳಿ. ಕಚ್ಚಿದ ನಾಯಿಗಳಿಗೆ ಲಸಿಕೆ ಆಗಿದೆಯಾ ಇಲ್ವಾ ನಿಮಗೆ ಗೊತ್ತಿಲ್ಲ. ವೀರನಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸ್ತಿದ್ರೂ ಈಗ ಬೂಸ್ಟರ್ ಬೇಕೇ ಬೇಕು. ಗಾಯಾನ ಸೋಪು ಹಾಕಿ ಹರಿಯೋ ನೀರಲ್ಲಿ ಕಾಲು ಗಂಟೆ ತೊಳೀಬೇಕಿತ್ತು. ಅದನ್ನ ಹಿಡಿಯುವಾಗ ಯಾರ ಕೈಗಾದ್ರೂ ತರಚಿದ್ಯಾ, ಜೊಲ್ಲು ಗಾಯಕ್ಕೆ ತಾಗಿದ್ಯಾ? ಹಾಗಾಗಿದ್ರೆ ಅವರು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಲಿ, 'ನಮ್ಮ ಮನೆ ನಾಯಿ ತಾನೆ' ಅಂತ ಕೂರೋದು ಬೇಡ.

ಇನ್ನೊಂದು, ಕುಂಟೋದು ಉಳುಕು ಅಂತ ಬಿಡಬೇಡಿ. ಈ ಕಾಲದಲ್ಲಿ ಬಯಲಿನ ಹುಲ್ಲೆಲ್ಲ ಒಣಗಿ ಸುಂಕು (ತೆನೆಯ ಚೂಪು ಎಳೆ) ಗಟ್ಟಿಯಾಗಿರುತ್ತೆ. ಬೆರಳ ಸಂದಿಗೆ ಒಂದು ಹೊಕ್ಕರೆ ಅದು ಹಿಂದಕ್ಕೆ ಬರೋ ಜಾತಿಯಲ್ಲ, ಮುಂದಕ್ಕೇ ಹೋಗ್ತಾ ಇರುತ್ತೆ. ನಾಯಿ ಒಂದೇ ಪಾದ ನೆಕ್ತಾ ಕೂತಿದ್ರೆ ಬೆರಳು ಅಗಲಿಸಿ ನೋಡಿ. ಸಣ್ಣ ಕೆಂಪು ಬೊಕ್ಕೆ, ಮಧ್ಯೆ ಒಂದು ತೂತು ಕಂಡ್ರೆ ಅದೇ. ನೀವೇ ಕೀಳೋಕೆ ಹೋಗಬೇಡಿ, ಅರ್ಧ ಮುರಿದು ಒಳಗೇ ಉಳಿಯುತ್ತೆ. ಮೂತ್ರದ ಬಣ್ಣಾನೂ ನೋಡಿ. ವಿಪರೀತ ಓಡಿದ ನಾಯಿ ಕಾಫಿ ಬಣ್ಣದಲ್ಲಿ ಮೂತ್ರ ಮಾಡಿದ್ರೆ ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳ್ತಿದೆ ಅಂತ ಅರ್ಥ.

ಗುಬ್ಬಿಗೂಡು
ಮೇಡಂ ತುಂಬಾ ಥ್ಯಾಂಕ್ಸ್. ಭಾವನ ಮುಂಗೈ ತರಚಿತ್ತು. ಈಗಲೇ ಅಕ್ಕಂಗೆ ಫೋನ್ ಮಾಡಿದೆ, ಸಂಜೆ ಇಂಜೆಕ್ಷನ್‌ಗೆ ಕರ್ಕೊಂಡು ಹೋಗ್ತಾಳಂತೆ. ವೀರ ಮುಂದಿನ ಎಡಗಾಲು ನೆಕ್ತಾನೇ ಇದಾನೆ.

ಡಾ_ಮಲೆನಾಡು
ಹಾಗಾದ್ರೆ ಅದೇ ಇರಬೇಕು. ತೋರಿಸಿ.

ಅಂದ ಹಾಗೆ, ಜಿಂಕೆ ತಪ್ಪಿಸಿಕೊಂಡಿತಲ್ಲ ಅಂತ ಯಾರೂ ಖುಷಿ ಪಡೋದು ಬೇಡ. ನಾಯಿಗೆ ಹೇಳಿದ ತೊಂದರೆ ಜಿಂಕೆಗೆ ಇನ್ನೂ ಜಾಸ್ತಿ. ಪ್ರಾಣಭಯದಲ್ಲಿ ಓಡಿದ ಪ್ರಾಣಿಯ ಸ್ನಾಯು ಹಾಳಾಗಿ, ಒಂದೆರಡು ದಿನ ಬಿಟ್ಟು ಎಲ್ಲೋ ಪೊದೆ ಬುಡದಲ್ಲಿ ಸತ್ತು ಬಿದ್ದಿರುತ್ತೆ. ಮೈಮೇಲೆ ಒಂದು ಹಲ್ಲಿನ ಗುರುತೂ ಇರಲ್ಲ. ಗಬ್ಬದ ಹೆಣ್ಣಾದ್ರೆ ಕಂದು ಹಾಕೋದೂ ಉಂಟು.

ಲಾಪಾಯಿಂಟ್
ಇಷ್ಟು ಹೊತ್ತು ಸುಮ್ಮನಿದ್ದೆ. ಲೆನ್ಸ್ ಬಿಲ್ ಬಗ್ಗೆ ತಲೆ ಕೆಡಿಸ್ಕೊಂಡಿದೀರಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ತೆಗೆದು ನೋಡಿ. ಸೆಕ್ಷನ್ 2(16)ರಲ್ಲಿ 'ಬೇಟೆ' ಅಂದ್ರೆ ಕೊಲ್ಲೋದು ಮಾತ್ರ ಅಲ್ಲ. ಹಿಡಿಯೋದು, ಅಟ್ಟೋದು, ನಾಯಿ ಬಿಟ್ಟು ಬೆನ್ನಟ್ಟಿಸೋದು, ಅದಕ್ಕೆಲ್ಲ ಪ್ರಯತ್ನ ಮಾಡೋದೂ ಬೇಟೆಯೇ. ಕೃಷ್ಣಮೃಗ ಇರೋದು ಒಂದನೇ ಶೆಡ್ಯೂಲಲ್ಲಿ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟೀಲಿ. ಸೆಕ್ಷನ್ 51ರ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿ ಆದ್ಮೇಲೆ ಕನಿಷ್ಠ ದಂಡ 25,000.

ತಟ್ಟೆಇಡ್ಲಿ
ಅವರು ಗೋಮಾಳದಲ್ಲಿದ್ರಂತಲ್ಲ ಸಾರ್, ಒಳಗೆ ಹೋಗಿಲ್ಲ.

ಲಾಪಾಯಿಂಟ್
ಇದೊಂದು ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ 2007ರಲ್ಲಿ ಘೋಷಣೆ ಆದ ಜಾಗ 798 ಎಕರೆ ಅಷ್ಟೆ. ಆ 798 ಎಕರೆ ಒಳಗೆ ಹೆಚ್ಚಿನ ನಿರ್ಬಂಧ ಇದೆ ನಿಜ. ಆದ್ರೆ ಶೆಡ್ಯೂಲ್ ಅನ್ನೋದು ಜಾಗಕ್ಕಲ್ಲ, ಪ್ರಾಣಿಗೆ. ಅದು ಗೋಮಾಳದಲ್ಲಿರಲಿ, ನಿಮ್ಮ ಸ್ವಂತ ಹೊಲದಲ್ಲೇ ಮೇಯ್ತಿರಲಿ, ಬೇಟೆ ನಿಷೇಧಿಸೋ ಸೆಕ್ಷನ್ 9 ಅನ್ವಯ ಆಗುತ್ತೆ. ಸಲ್ಮಾನ್ ಖಾನ್ ಕೇಸು ಮರೆತ್ರಾ? 1998ರ ಘಟನೆ, ಜೋಧಪುರದ ಕೋರ್ಟು 5 ವರ್ಷ ಅಂತ ತೀರ್ಪು ಕೊಟ್ಟಿದ್ದು 2018ರಲ್ಲಿ.

ಎಫ್_ಎಂಟು
ಅದು ಗುಂಡು ಹೊಡೆದ ಕೇಸು. ಇಲ್ಲಿ ನಾಯಿ ಕಿತ್ಕೊಂಡು ಹೋಗಿದೆ, ಇವರು ಬಿಟ್ಟಿದ್ದಲ್ಲ. ಉದ್ದೇಶ ಅನ್ನೋದು ಒಂದು ಇರುತ್ತಲ್ಲ ವಕೀಲರೇ.

ಲಾಪಾಯಿಂಟ್
ಇರುತ್ತೆ, ಕೋರ್ಟಲ್ಲಿ ಅದನ್ನೇ ವಾದ ಮಾಡ್ತಾರೆ. ಆದ್ರೆ ಗೇಟಲ್ಲಿ ನಾಯಿ ಬೇಡ ಅಂತ ಹೇಳಿಸ್ಕೊಂಡು ಪಕ್ಕಕ್ಕೆ ಹೋಗಿ ಅದೇ ಜಿಂಕೆ ಮುಂದೆ ನಿಂತವರ ಉದ್ದೇಶಾನ ಎದುರು ಪಕ್ಷದವರು ಹೇಗೆ ಓದ್ತಾರೆ ಅಂತ ಯೋಚಿಸಿ. ಇನ್ನು ಲೆನ್ಸ್: ಅಂಗಡಿಯವರ ಜೊತೆ ಕರಾರು ಗುಬ್ಬಿಗೂಡು ಅವರದ್ದು, ಹಾಗಾಗಿ ಅಂಗಡಿಗೆ ಅವರೇ ಕೊಡಬೇಕು. ಕೊಟ್ಟು ಭಾವನಿಂದ ವಸೂಲಿ ಮಾಡ್ಕೊಳ್ಳಿ. ಕಾನೂನು ಅಷ್ಟೆ. ಅಕ್ಕನ ಗಂಡನಿಂದ ವಸೂಲಿ ಮಾಡೋ ವಿದ್ಯೆ ಯಾವ ಲಾ ಕಾಲೇಜಲ್ಲೂ ಹೇಳಿಕೊಡಲ್ಲ.

ಶಿರಾ_ಸೀಮೆ
ನಮ್ದು ಕುರಿ ಸಾಕೋ ಮನೆ, ಶಿರಾ ಹತ್ರ. ಕುರಿಮಂದೆ ನಾಯಿ ಕಚ್ಚಿದ್ದು ಅಂತ ಬರ್ದವ್ರಲ್ಲ, ಅದಕ್ಕೆ ಯೋಳ್ತಿವ್ನಿ. ಮಂದೆ ನಾಯಿ ಅಂದ್ರೆ ಮರಿ ಇದ್ದಾಗಿಂದ ಕುರಿ ಮಧ್ಯೆನೇ ಬೆಳ್ದಿರ್ತವೆ. ಅವಕ್ಕೆ ಗೊತ್ತಿರೋದು ಎರಡೇ: ನಮ್ದು, ನಮ್ದಲ್ದು. ಆ ಕಡೆ ಇಂದ ಉದ್ದ ಮೂತಿ, ಬಡಕಲು ಹೊಟ್ಟೆದು ಓಡ್ಕೊಂಡು ಬಂದ್ರೆ ತೋಳನೂ ಒಂದೇ, ನಿಮ್ ವೀರನೂ ಒಂದೇ. ಕತ್ತಿಗೆ ಬಾಯಾಕಿ ಬಿಟ್ಟವೆ ಅಂದ್ರೆ ಆ ಕುರಿಗಾಹಿ ಕೂಗಿ ಬಿಡ್ಸಿರ್ಬೇಕು. ಅವ್ರಿಗೊಂದು ಟೀ ಕುಡಿಸಿದ್ರೋ ಇಲ್ವೋ?

ಗುಬ್ಬಿಗೂಡು
ಅಜ್ಜ ಒಬ್ರು ಇದ್ರು ಅಣ್ಣ. ಭಾವ ಅವರ ಮೇಲೇ ಕೂಗಾಡಿದ್ರು, 'ನಿಮ್ಮ ನಾಯಿ ಕಟ್ಟಿ ಹಾಕೋಕೆ ಆಗಲ್ವಾ' ಅಂತ.

ಶಿರಾ_ಸೀಮೆ
ಬಲೇ ಚೆನ್ನಾಗೈತೆ! ಬಯಲಲ್ಲಿ ಕುರಿ ಕಾಯೋನು ನಾಯಿ ಕಟ್ಟಾಕ್ಬೇಕು, ಕಾರಲ್ಲಿ ಬಂದೋರು ಬಿಡ್ಬೋದು.

ಎಫ್_ಎಂಟು
ಹಂಗಂತ ಮಂದೆ ನಾಯಿಗಳೇನು ಸಂತರಲ್ಲ. ಮೊಲ ಹಿಡಿಯೋದು, ಗೌಜಲಕ್ಕಿ ಗೂಡು ತಿನ್ನೋದು ನಾನೇ ನೋಡಿದೀನಿ. ಬಯಲಲ್ಲಿ ನಾಯಿ ಅಂದ್ಮೇಲೆ ಯಾರದಾದ್ರೇನು? ಸಿರಗುಪ್ಪದ ಕಡೆ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬೆರಳೆಣಿಕೆಗೆ ಇಳಿದಿದೆ. ಸಾಮಾನ್ಯವಾಗಿ ಇಡೋದೇ ಒಂದು ಮೊಟ್ಟೆ, ಅದೂ ಬರೀ ನೆಲದ ಮೇಲೆ. ಒಂದು ನಾಯಿ ಹಾದು ಹೋದ್ರೆ ಸಾಕು, ಆ ವರ್ಷದ ಸಂಸಾರ ಮುಗೀತು.

ಶಿರಾ_ಸೀಮೆ
ಮೊಲ ಹಿಡೀತವೆ, ಇಲ್ಲ ಅನ್ನಲ್ಲ. ಆದ್ರೆ ನೀವು ಫೋಟೊದೋರು ಏನು ಕಮ್ಮಿ? ದಾರಿ ಬಿಟ್ಟು ಹುಲ್ಲಲ್ಲೇ ಜೀಪು ಓಡಿಸ್ತೀರ, ಜಿಂಕೆ ಸುತ್ತ ಸುತ್ತು ಹಾಕ್ತೀರ. ನಮ್ತಾವ ಟಿಟ್ಟಿಭದ ಮೊಟ್ಟೆ ಮೇಲೆ ಟೈರ್ ಹತ್ತಿದ್ದು ಕಣ್ಣಾರೆ ಕಂಡಿವ್ನಿ. ಆ ಹಕ್ಕಿ ಸಾಯಂಕಾಲದವರ್ಗೂ ತಲೆ ಮೇಲೇ ಕಿರುಚ್ತಾ ಇತ್ತು. ಇಳ್ದು ನೋಡೋದ್ ಬಿಟ್ಟು, ಹಾರ್ತಿರೋ ಹಕ್ಕಿ ಫೋಟೊನೂ ತಗಂಡು ಹೋದ್ರು ಪುಣ್ಯಾತ್ಮರು.

ಎಫ್_ಎಂಟು
ಅಂಥೋರಿಗೆ ಫೋಟೊಗ್ರಾಫರ್ ಅನ್ನಬೇಡಿ.

ಶಿರಾ_ಸೀಮೆ
ಕ್ಯಾಮೆರಾ ಇತ್ತು ಕೈಲಿ, ಇನ್ನೇನ್ ಅನ್ಲಿ?

ಬೀದಿನಾಯಿ_ಗೆಳತಿ
ಪ್ರತಿ ಸಲ ನಾಯಿಗಳನ್ನೇ ವಿಲನ್ ಮಾಡೋದು ನೋಡಿ ಬೇಜಾರಾಗುತ್ತೆ. ಕೋಳಿ ಫಾರಂನವರು ಸತ್ತ ಕೋಳಿ ತಂದು ಬಯಲಿಗೆ ಸುರಿದ್ರೆ ನಾಯಿ ಬರದೆ ನವಿಲು ಬರುತ್ತಾ? ಮೊದಲು ಕಸ ನಿಲ್ಲಿಸಿ.

ಡಾ_ಮಲೆನಾಡು
ಕಸದ ಮಾತು ಸರಿ. ಆದ್ರೆ ರೋಗದ ಮಾತನ್ನೂ ಸೇರಿಸಿಕೊಳ್ಳಿ. 2018ರಲ್ಲಿ ಗಿರ್ ಕಾಡಿನ ಒಂದೇ ವಲಯದಲ್ಲಿ ಕೆಲವೇ ವಾರದಲ್ಲಿ 23 ಸಿಂಹ ಸತ್ವು, ಹಲವದರಲ್ಲಿ ಕೆನೈನ್ ಡಿಸ್ಟೆಂಪರ್ ವೈರಸ್ ಸಿಕ್ತು. ನಾಯಿಗಳಲ್ಲಿ ಓಡಾಡೋ ಕಾಯಿಲೆ ಅದು. ನಮ್ಮ ಬಯಲಿನ ತೋಳ, ಗುಳ್ಳೆನರಿ ಎರಡೂ ನಾಯಿ ಜಾತಿಯವೇ, ಅವಕ್ಕೆ ಯಾರು ಲಸಿಕೆ ಹಾಕ್ತಾರೆ? ಜಿಲೇಬಿ ಒಂದು ಪೊದೆ ಹತ್ರ ಕಾಲೆತ್ತಿದ್ರೂ ಮೂಗು ಒರೆಸಿದ್ರೂ ಅದು ಅಲ್ಲಿನ ಪ್ರಾಣಿಗೆ ರೋಗ ಅಂಟೋಕೆ ಒಂದು ದಾರಿ.

ಬೀದಿನಾಯಿ_ಗೆಳತಿ
ಅದಕ್ಕೇ ಹೇಳ್ತಿರೋದು, ಎಲ್ಲ ನಾಯಿಗೂ ಲಸಿಕೆ, ಸಂತಾನಹರಣ ಮಾಡಿಸಿ ಅಂತ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮ ಇರೋದೇ ಅದಕ್ಕೆ.

ಸುಮ್ನೆ_ಬಂದೆ
ಅದೇ ನಿಯಮದಲ್ಲಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅಂತಾನೂ ಇದೆ. ಹಿಡಿದ ಜಾಗ ಹುಲ್ಲುಗಾವಲಾದ್ರೆ?

ಬೀದಿನಾಯಿ_ಗೆಳತಿ
ಹಾಗಾದ್ರೆ ಕೊಂದು ಹಾಕಬೇಕಾ? ನೇರವಾಗಿ ಹೇಳಿ ನೋಡೋಣ.

ನಿರ್ವಾಹಕ
ಬೀದಿನಾಯಿ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಯುದ್ಧ ನಡೀತಿದೆ. ಇಲ್ಲಿ ವೀರ, ಜಿಲೇಬಿ, ಭಾವ ಮಾತ್ರ.

ತಟ್ಟೆಇಡ್ಲಿ
ಜಿಲೇಬಿ ಏನ್ಮಾಡ್ತು ಅಂತ ಯಾರೂ ಕೇಳೇ ಇಲ್ಲ.

ಗುಬ್ಬಿಗೂಡು
ಜಿಲೇಬಿ ನಮ್ಮ ಬುತ್ತಿ ತಿಂತು. ಕ್ಯಾತ್ಸಂದ್ರದಲ್ಲಿ ಕಟ್ಟಿಸ್ಕೊಂಡಿದ್ದ ತಟ್ಟೆ ಇಡ್ಲಿ, ಪೇಪರ್ ಸಮೇತ. ಎಲ್ಲರೂ ವೀರನ ಹಿಂದೆ ಓಡಿದಾಗ ಅದಕ್ಕೆ ಹಬ್ಬ.

ತಟ್ಟೆಇಡ್ಲಿ
ಈ ಎಳೆಯಲ್ಲಿ ತಲೆ ನೆಟ್ಟಗಿರೋ ಜೀವ ಅದೊಂದೇ. ಚಟ್ನಿ?

ಗುಬ್ಬಿಗೂಡು
ಖಾರದ ಚಟ್ನಿ ಮಾತ್ರ ಬಿಟ್ಟಿತ್ತು.

ಎಫ್_ಎಂಟು
ಗುಬ್ಬಿಗೂಡು, ಕ್ಯಾಮೆರಾದ ಮೆಮೊರಿ ಕಾರ್ಡ್ ಸರಿ ಇದ್ಯಾ? ಏನಾದ್ರೂ ಫ್ರೇಮ್ ಸಿಕ್ಕಿದ್ಯಾ?

ಗುಬ್ಬಿಗೂಡು
ಕಾರ್ಡ್ ಸರಿ ಇದೆ. ಭಾವನ ಆಫೀಸಿನ ಒಬ್ರು ಸುಮ್ನೆ ಬಟನ್ ಒತ್ತಿ ನೋಡ್ತಿದ್ರಂತೆ. ಮೊದಲ ಫ್ರೇಮಲ್ಲಿ ಹೆಣ್ಣುಗಳು ಆಗಲೇ ಕಿವಿ ಮುಂದೆ ಮಾಡಿ ಕತ್ತು ಎತ್ತಿವೆ, ಗಂಡು ತಿರುಗಿ ನೇರ ನಮ್ಮ ಕಡೆಗೇ ನೋಡ್ತಿದೆ. ಆಮೇಲೆ ಒಂದು ಹೆಣ್ಣು ನಾಲ್ಕೂ ಕಾಲು ಮಡಚಿ ಗಾಳೀಲಿದೆ, ಔಟ್ ಆಫ್ ಫೋಕಸ್. ಆಮೇಲೆ ಆಕಾಶ. ಆಮೇಲೆ ಹುಲ್ಲು. ಕೊನೇದರಲ್ಲಿ ಭಾವನ ಶೂ.

ಎಫ್_ಎಂಟು
ಮೊದಲ ಫ್ರೇಮ್ ತೆಗೆದಾಗ ವೀರ ಇನ್ನೂ ಕಟ್ಟಿ ಹಾಕೇ ಇತ್ತು ತಾನೆ? ಅದನ್ನೇ ನಾನು ಹೇಳೋದು. 'ನಮ್ಮ ನಾಯಿ ಬೆಲ್ಟಲ್ಲೇ ಇರುತ್ತೆ, ಬೊಗಳಲ್ಲ' ಅಂತ ಎಷ್ಟೋ ಜನ ವಾದ ಮಾಡ್ತಾರೆ. ಕೃಷ್ಣಮೃಗ ನಂಬೋದು ಕಣ್ಣನ್ನ. ಬಯಲಲ್ಲಿ ಅದಕ್ಕೆ ಬಹಳ ದೂರದಿಂದಲೇ ನಾಲ್ಕು ಕಾಲಿನ ಆ ಆಕಾರ ಕಾಣುತ್ತೆ, ಬೆಲ್ಟ್ ಕಾಣಲ್ಲ. ಲಕ್ಷಾಂತರ ವರ್ಷ ತೋಳದಿಂದ, ಚಿರತೆಯಂಥ ಚೀತಾದಿಂದ ತಪ್ಪಿಸ್ಕೊಂಡು ಬಂದ ಪ್ರಾಣಿ ಅದು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡೋ ಕಾಲು ಸುಮ್ನೆ ಬಂದಿಲ್ಲ.

ಒಳ್ಳೇ ಫೋಟೊ ಬೇಕು ಅಂದ್ರೆ ಮಾಡೋ ಕೆಲಸ ಬಹಳ ಸುಲಭ, ಬಹಳ ಬೋರು. ಬೆಳಕು ಹರಿಯೋ ಮುಂಚೆ ಹೋಗಿ ದಾರಿ ಪಕ್ಕ ಕಾರು ಆಫ್ ಮಾಡಿ ಒಳಗೇ ಕೂತಿರಿ. ಕಿಟಕಿ ಮೇಲೆ ಒಂದು ಅಕ್ಕಿ ಚೀಲದ ತುಂಡಲ್ಲಿ ಮರಳು ತುಂಬಿ ಇಟ್ಕೊಂಡ್ರೆ ಟ್ರೈಪಾಡೇ ಬೇಡ. ಕಾರಿಗೆ ಅವು ಹೆದರಲ್ಲ, ಬಾಗಿಲು ತೆಗೆದು ಇಳಿದ್ರೆ ಹೆದರ್ತವೆ. ಗಂಡು ತನ್ನ ಜಾಗ ಬಿಟ್ಟು ಹೋಗಲ್ಲ, ಅದೇ ಜಾಗದಲ್ಲೇ ಹಿಕ್ಕೆ ಹಾಕುತ್ತೆ, ಅದೇ ಸುತ್ತು ಸುತ್ತುತ್ತೆ. ಕಾದರೆ ತಾನಾಗೇ ಬರುತ್ತೆ.

ಸುಮ್ನೆ_ಬಂದೆ
150-600ಕ್ಕಿಂತ 100-400 ತಗೊಳ್ಳೋದು ವಾಸಿ ಅಲ್ವಾ? ಕಾರಿನೊಳಗೆ ತಿರುಗಿಸೋಕೆ ಹಗುರ.

ಎಫ್_ಎಂಟು
ಮೈದನಹಳ್ಳಿಗೆ 400 ಕಮ್ಮಿ ಬೀಳುತ್ತೆ. ನಾಯಿ ಜೊತೆ ಹೋದ್ರೆ 1200 ಕೂಡ ಸಾಲಲ್ಲ.

ಘಟಪ್ರಭಾ_ದಂಡಿ
😄 ಖರೇ ಮಾತ್ರಿ.

ಗುಬ್ಬಿಗೂಡು ಅವ್ರ, ನಿಮ್ಮ ಭಾವಾ ಅವ್ರಿಗೆ ಇದೊಂದ್ ಹೇಳ್ರಿ. ಆ ನಾಯಿಗೆ ಓಡಾಕ ಬೇಕ ಬೇಕು, ಇಲ್ಲಂದ್ರ ಮನ್ಯಾಗಿನ ಸೋಫಾ ಹರದ ಹಾಕತೈತಿ. ಪರಿಚಯದವ್ರ ತ್ವಾಟಾ ಇದ್ರ, ಸುತ್ತ ಬೇಲಿ ಗಟ್ಟಿ ಇದ್ರ, ಅಲ್ಲಿ ಬಿಡ್ರಿ. ಕೊರಳಪಟ್ಟಿ ಸಾದಾ ಹಾಕಬ್ಯಾಡ್ರಿ, ಇದರ ತಲಿ ಸಣ್ಣದು, ಕುತ್ತಿಗಿ ದಪ್ಪ, ಹಿಂದಕ್ಕ ಜಗ್ಗಿದ್ರ ಸರಕ್ಕನ ಜಾರತೈತಿ. ಅಗಲ ಪಟ್ಟಿ ಬೇಕು, ಇಲ್ಲಾ ಎದಿಗೆ ಹಾಕೋದು. ಇನ್ನ ಹಗ್ಗ ಯಾವತ್ತೂ ಕೈಯಾಗ ಇರಬೇಕ್ರಿ. ಗಿಡಕ್ಕ ಕಟ್ರಿ, ಕಾರಿಗೆ ಕಟ್ರಿ. ಕ್ಯಾಮೆರಾಕ್ಕ ಯಾರ್ ಕಟ್ತಾರ್ರಿ!

ಜೇನುಕಲ್ಲು
ಸಂಬಂಧ ಇರೋ ಒಂದು ಪ್ರಶ್ನೆ. ಹೋದ ತಿಂಗಳು ಆ ಕಡೆ ಹೋದಾಗ ಹುಲ್ಲಲ್ಲಿ ಒಂದು ಜಿಂಕೆ ಮರಿ ಒಂದೇ ಮಲಗಿತ್ತು. ಕಣ್ಣು ಬಿಟ್ಟಿತ್ತು, ಅಲುಗಾಡ್ಲಿಲ್ಲ. ತಾಯಿ ಕಾಣ್ಲಿಲ್ಲ. ನಾಯಿ ತಿನ್ನುತ್ತೆ ಅಂತ ಹೆದರಿ ನಮ್ಮ ಜೊತೆ ಇದ್ದೋರು ಎತ್ಕೊಂಡು ಹೋಗಿ ಅರಣ್ಯ ಇಲಾಖೆಗೆ ಕೊಡೋಣ ಅಂದ್ರು. ಏನು ಮಾಡಬೇಕಿತ್ತು?

ಡಾ_ಮಲೆನಾಡು
ಎತ್ತಿದ್ರಾ?

ಜೇನುಕಲ್ಲು
ಇಲ್ಲ ಮೇಡಂ, ಅಷ್ಟರಲ್ಲಿ ಒಬ್ಬ ಹುಡುಗ ಬಂದು ಬೈದು ಕಳಿಸ್ದ.

ಶಿರಾ_ಸೀಮೆ
ಆ ಹುಡ್ಗಂಗೆ ಶರಣು. ಮರಿ ಹಾಕಿದ ಮೇಲೆ ತಾಯಿ ಅದನ್ನ ಹುಲ್ಲಲ್ಲಿ ಮುಚ್ಚಿಟ್ಟು ದೂರ ಮೇಯ್ತಿರ್ತದೆ. ಹಾಲು ಕುಡಿಸೋಕೆ ಮಾತ್ರ ಬಂದೋಗ್ತದೆ. ನೀವಲ್ಲಿ ನಿಂತಿರೋವರ್ಗೂ ಅದು ಬರಲ್ಲ. ಫೋಟೊನೂ ತೆಗೀಬೇಡಿ, ಬಂದ ದಾರೀಲೇ ಹಿಂದಕ್ಕೆ ಹೋಗ್ಬಿಡಿ. ನೀವು ನಿಂತು ನೋಡಿದ್ ಜಾಗಾನ ಮೇಲಿಂದ ಕಾಗೆನೂ ನೋಡ್ತಿರ್ತದೆ.

ಡಾ_ಮಲೆನಾಡು
ಅಷ್ಟೆ. ಗಾಯ ಆಗಿದ್ರೆ, ಇರುವೆ ಮುತ್ತಿದ್ರೆ, ಪಕ್ಕದಲ್ಲೇ ತಾಯಿ ಸತ್ತು ಬಿದ್ದಿದ್ರೆ ಮಾತ್ರ ಇಲಾಖೆಗೆ ಫೋನ್ ಮಾಡಿ. ಎತ್ತೋದು ಅವರ ಕೆಲಸ.

ಗುಬ್ಬಿಗೂಡು
ಅಪ್‌ಡೇಟ್: ವೀರನ ಬೆರಳಿಂದ ಡಾಕ್ಟ್ರು ಸುಂಕು ತೆಗೆದ್ರು. ನೋಡೋಕೆ ದಾರದಷ್ಟು ಸಣ್ಣ, ಇಷ್ಟುದ್ದ ಇತ್ತು. ಭಾವ ಮೊದಲನೇ ಇಂಜೆಕ್ಷನ್ ತಗೊಂಡ್ರು. ಇಲ್ಲಿನ ಉತ್ತರ ಎಲ್ಲ ಅಕ್ಕ ಕೂತು ಓದಿದ್ಲು. ಲೆನ್ಸ್ ರಿಪೇರಿ ಪೂರ್ತಿ ಭಾವ ಕೊಡಬೇಕು ಅಂತ ಆಯ್ತು. ನನಗೆ ಇನ್ನು ಮೇಲೆ ಅವರ ಮನೆ ಕಾಫಿ ಕಟ್.

ಲಾಪಾಯಿಂಟ್
ಅಕ್ಕನ ಕೋರ್ಟಲ್ಲಿ ಮೇಲ್ಮನವಿ ಇಲ್ಲ. ನನ್ನ ಫೀಸು?

ಗುಬ್ಬಿಗೂಡು
ಕ್ಯಾತ್ಸಂದ್ರಕ್ಕೆ ಬನ್ನಿ ಸಾರ್, ತಟ್ಟೆ ಇಡ್ಲಿ ನಂದು.

ಸುಮ್ನೆ_ಬಂದೆ
ಇದೆಲ್ಲ ಓದಿ ನನಗೂ ಒಂದು ಮುಧೋಳ ಮರಿ ಸಾಕೋ ಆಸೆ ಬಂದಿದೆ. @ಘಟಪ್ರಭಾ_ದಂಡಿ ಅಣ್ಣ, ಎಲ್ಲಿ ಸಿಗುತ್ತೆ?

ಘಟಪ್ರಭಾ_ದಂಡಿ
ಮುಧೋಳ ತಾಲ್ಲೂಕ ತಿಮ್ಮಾಪುರದಾಗ ಸರ್ಕಾರದ ನಾಯಿ ಸಂಶೋಧನಾ ಕೇಂದ್ರ ಐತಿ, ಅಲ್ಲೇ ಕೇಳ್ರಿ. ಅದಕ್ಕ ಮೊದ್ಲ ಒಂದ್ ಪ್ರಶ್ನಿ, ನಿಮ್ಮ ಮನಿ ಮುಂದ ಓಡಾಕ ಜಾಗಾ ಎಷ್ಟೈತಿ?

ಸುಮ್ನೆ_ಬಂದೆ
ಏಳನೇ ಮಹಡಿ ಅಣ್ಣ, ಬಾಲ್ಕನಿ ಇದೆ.

ಘಟಪ್ರಭಾ_ದಂಡಿ
ಮೀನ ಸಾಕ್ರಿ.